ಸಪ್ರೆಸರ್ ನನ್ನ ಹೆಸರಿನಲ್ಲಿರಲೋ, ಟ್ರಸ್ಟಿನ ಹೆಸರಿನಲ್ಲಿರಲೋ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಊರು ಕೊಡಗು, ಈಗ ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ ಬೆಳೆದವನು ನಾನು. ನಮ್ಮ ಮನೆಯ ಕೋವಿಗೆ ವಿನಾಯಿತಿ ಪತ್ರ ಸಾಕಿತ್ತು, ಪರವಾನಗಿ ಬೇಕಿರಲಿಲ್ಲ. ಇಲ್ಲಿ ಗೆಳೆಯರ ಜಮೀನಿನಲ್ಲಿ ಕಾಡುಹಂದಿ ಹೊಡೆಯಲು ರೈಫಲ್ಲಿಗೆ ಸಪ್ರೆಸರ್ (ಗುಂಡಿನ ಸದ್ದು ತಗ್ಗಿಸುವ ಕೊಳವೆ) ಕೊಳ್ಳಬೇಕೆಂದಿದ್ದೇನೆ. ಟ್ರಸ್ಟ್ ಮಾಡಿಸಿ ಅದರ ಹೆಸರಿನಲ್ಲಿ ಕೊಂಡರೆ ಬೆರಳಚ್ಚು, ತಪಾಸಣೆಯ ತಾಪತ್ರಯವಿಲ್ಲ ಎಂದು ಅಂಗಡಿಯವನು ಹೇಳುತ್ತಾನೆ. ನಿಜವೇ? ಹೆಂಡತಿ ಅಮೆರಿಕದ ಪ್ರಜೆ. ಅವಳನ್ನೂ, ಎಚ್‌-1ಬಿ ವೀಸಾದ ಮೇಲಿರುವ ಭಾವಮೈದುನನನ್ನೂ ಟ್ರಸ್ಟಿಗಳಾಗಿ ಸೇರಿಸಬಹುದೇ?

ಉತ್ತರ: ಅಂಗಡಿಯವನು ಹಳೆಯ ಪಂಚಾಂಗ ಓದುತ್ತಿದ್ದಾನೆ. ಸಪ್ರೆಸರ್, 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್, ಮಷಿನ್‌ಗನ್ ಇವೆಲ್ಲ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಅಡಿ ಬರುತ್ತವೆ. ಎಟಿಎಫ್ ಎಂಬ ಕೇಂದ್ರ ಸಂಸ್ಥೆಯಲ್ಲಿ ನೋಂದಣಿಯಾಗಲೇಬೇಕು. ಹಿಂದೆ ಒಬ್ಬರ ಹೆಸರಿನಲ್ಲಿ ಕೊಳ್ಳುವುದಾದರೆ ಬೆರಳಚ್ಚು, ಭಾವಚಿತ್ರದ ಜೊತೆಗೆ ಶೆರಿಫ್ ಅಥವಾ ಪೊಲೀಸ್ ಮುಖ್ಯಸ್ಥರ ಸಹಿಯೂ ಬೇಕಿತ್ತು. ಟ್ರಸ್ಟಿನ ಹೆಸರಿನಲ್ಲಿ ಕೊಂಡರೆ ಇವು ಯಾವುವೂ ಬೇಕಿರಲಿಲ್ಲ. ಸಹಿ ಹಾಕಲು ಒಪ್ಪದ ಶೆರಿಫ್ ಇದ್ದ ಕಡೆಯೆಲ್ಲ ಜನ ಟ್ರಸ್ಟಿನ ದಾರಿ ಹಿಡಿದದ್ದು ಅದಕ್ಕೇ. 2016ರ ಜುಲೈ 13ರಂದು ಆ ದಾರಿ ಮುಚ್ಚಿತು. ಸಹಿಯ ನಿಯಮ ಎಲ್ಲರಿಗೂ ರದ್ದಾಯಿತು, ಬೆರಳಚ್ಚು ಟ್ರಸ್ಟಿನಲ್ಲಿರುವ ಪ್ರತಿಯೊಬ್ಬ ಟ್ರಸ್ಟಿಗೂ ಕಡ್ಡಾಯವಾಯಿತು. ಸಪ್ರೆಸರ್ ಮೇಲಿನ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆ. ನೋಂದಣಿ, ತಪಾಸಣೆ ಮಾತ್ರ ಹಾಗೆಯೇ ಇವೆ.

ಒಂಟಿಯಾಗಿರುವವರಿಗೆ ಟ್ರಸ್ಟ್ ಬೇಡವೆಂದೇ ನಾನು ಹೇಳುತ್ತೇನೆ. ನಿಮ್ಮ ವಿಷಯ ಬೇರೆ. ಸಪ್ರೆಸರ್ ನಿಮ್ಮೊಬ್ಬರ ಹೆಸರಿನಲ್ಲಿದೆ, ನೀವು ಕಚೇರಿಗೆ ಹೋಗಿದ್ದೀರಿ, ಸೇಫಿನ ಸಂಖ್ಯೆ ಗೊತ್ತಿರುವ ಹೆಂಡತಿ ಅದನ್ನು ತೆಗೆದುಕೊಂಡು ಗುಂಡು ಹಾರಿಸುವ ರೇಂಜಿಗೆ ಹೊರಟರು ಎಂದುಕೊಳ್ಳಿ. ಅವರ ಹೆಸರಿನಲ್ಲಿ ನೋಂದಣಿಯಾಗದ ಆಯುಧ ಅವರ ವಶದಲ್ಲಿದ್ದಂತಾಯಿತು. ಈ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ 10 ವರ್ಷ ಜೈಲು. ಆಯುಧ ಟ್ರಸ್ಟಿನ ಹೆಸರಿನಲ್ಲಿದ್ದು ಅವರೂ ಟ್ರಸ್ಟಿಯಾಗಿದ್ದರೆ ಈ ಭಯವಿಲ್ಲ.

ಭಾವಮೈದುನ ಬೇಡ. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನೇ ಇಲ್ಲಿನ ಕಾನೂನು ನಿಷೇಧಿಸುತ್ತದೆ, ಸಪ್ರೆಸರನ್ನೂ ಅದು ಬಂದೂಕೆಂದೇ ಎಣಿಸುತ್ತದೆ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ ನಿಜ. ಆದರೆ ಆ ಪರವಾನಗಿಯ ಅವಧಿ ಮುಗಿದ ದಿನ ನಿಮ್ಮ ಟ್ರಸ್ಟಿನಲ್ಲಿ ಒಬ್ಬ ಅಪರಾಧಿ ಕುಳಿತಿರುತ್ತಾನೆ. ವೀಸಾದ ಮೇಲಿರುವವರಿಗೆ ಅಂಥ ಒಂದು ಕೇಸು ಸಾಕು, ಊರಿಗೆ ಟಿಕೆಟ್ ತೆಗೆಯಲು.

ಪ್ರಶ್ನೆ: ಆಯಿತು, ಅವನನ್ನು ಬಿಟ್ಟೆ. ಮಗಳಿಗೆ ಒಂಬತ್ತು ವರ್ಷ. ಅವಳ ಹೆಸರು ಹಾಕಬಹುದೇ? ಇಂಟರ್‌ನೆಟ್ಟಿನಲ್ಲಿ ಸಿಗುವ ಸಿದ್ಧ ಟ್ರಸ್ಟ್ ಪತ್ರ ಸಾಕೇ?

ಉತ್ತರ: ಮಗಳನ್ನು ಫಲಾನುಭವಿ ಎಂದು ಬರೆಸಿ, ಟ್ರಸ್ಟಿ ಎಂದಲ್ಲ. ಆಯುಧದ ಮೇಲೆ ಅಧಿಕಾರವಿಲ್ಲದ ಫಲಾನುಭವಿಗೆ ಬೆರಳಚ್ಚು ಕೇಳುವುದಿಲ್ಲ. ನಿಮ್ಮ ಕಾಲಾನಂತರ ಟ್ರಸ್ಟಿ ಅದನ್ನು ಕಾಯ್ದಿಟ್ಟು, ಅವಳು ಪ್ರಾಪ್ತಳಾದ ಮೇಲೆ ಎಟಿಎಫ್‌ನ ಫಾರ್ಮ್ 5 ಮೂಲಕ ತೆರಿಗೆಯಿಲ್ಲದೆ ವರ್ಗಾಯಿಸಬಹುದು. ಸಿದ್ಧ ಪತ್ರ ಎಷ್ಟೋ ಸಲ ಸಾಕಾಗುತ್ತದೆ, ತುಂಬುವವರು ಎಡವುತ್ತಾರೆ. ನನ್ನ ಬಳಿ ಬಂದ ಒಂದು ಪತ್ರದಲ್ಲಿ ಮುಂದಿನ ಟ್ರಸ್ಟಿಯ ಜಾಗದಲ್ಲಿ ಚುಕ್ಕೆಗಳ ಸಾಲು ಹಾಗೆಯೇ ಉಳಿದಿತ್ತು. ಬರೆಸಿದವರು ತೀರಿಕೊಂಡಿದ್ದರು, ಸೇಫನ್ನು ಯಾರು ತೆರೆಯಬೇಕೆಂದು ಮನೆಯವರಿಗೆ ತಿಳಿಯದು.

ಇನ್ನೊಂದು ಮಾತು: ಟ್ರಸ್ಟ್ ಇದೆಯೆಂದು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗೆಲ್ಲ ಸಪ್ರೆಸರ್ ಒಯ್ಯಬೇಡಿ, ಅಲ್ಲಿ ಅದು ನಿಷಿದ್ಧ. ನನ್ನ ಬಳಿ ಬರುವಾಗ ಸೇಫಿನ ಸಂಖ್ಯೆ ಯಾರು ಯಾರಿಗೆ ಗೊತ್ತು ಎಂದು ಒಂದು ಚೀಟಿಯಲ್ಲಿ ಬರೆದು ತನ್ನಿ.