ಇಡೀ ಶಾಲೆ ಸೇರಿ ಒಂದೇ ಚಿತ್ರ ಬರೆಯಬೇಕು, ಹೇಗೆ ಮಾಡಿಸಿದಿರಿ?

ಕೇಳಿದವರು, ಹಾಸನ ಜಿಲ್ಲೆಯ ಶಿಕ್ಷಕಿ:
ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿವರೆಗೆ 26 ಮಕ್ಕಳು. ವಾರ್ಷಿಕೋತ್ಸವಕ್ಕೆ ಎಲ್ಲರೂ ಸೇರಿ ಬರೆದ ಒಂದು ದೊಡ್ಡ ಚಿತ್ರ ಗೋಡೆ ಮೇಲೆ ಇರಬೇಕು ಅಂತ ಆಸೆ. ಆದರೆ ಗುಂಪಿಗೊಂದು ಚಾರ್ಟ್ ಕೊಟ್ಟರೆ ಚೆನ್ನಾಗಿ ಬರೆಯುವ ಇಬ್ಬರೇ ಬರೆಯುತ್ತಾರೆ. ಉಳಿದವರು ಪೆನ್ಸಿಲ್ ಚೂಪು ಮಾಡಿಕೊಡುತ್ತಾ, ನೀರು ತಂದುಕೊಡುತ್ತಾ ನಿಂತಿರುತ್ತಾರೆ. ಖರ್ಚಿಗೆ ಜಾಸ್ತಿ ದುಡ್ಡಿಲ್ಲ. ಮಾಡಿ ನೋಡಿದವರು ಹೇಳ್ತೀರಾ?

ಸಕಲೇಶಪುರ ಕಡೆಯ ಶಿಕ್ಷಕಿ:
ಮೇಡಂ, ಮೊದಲು ಆ ಚಾರ್ಟ್ ಬಿಡಿ. ಒಂದು ಹಾಳೆ ಸುತ್ತ ಐದು ಮಕ್ಕಳು ಕೂತರೆ ಕೈ ಚುರುಕಿರುವವರದ್ದೇ ನಡೆಯುತ್ತದೆ. ಎಲ್ಲ ಶಾಲೆಯಲ್ಲೂ ಇದೇ ಕತೆ. ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಡಿ. ಹಾಳೆಗಳು ಎಲ್ಲಿ ಕೂಡಬೇಕು ಅನ್ನೋದನ್ನು ಮಾತ್ರ ನೀವು ಗುರುತು ಹಾಕಿ. ಒಳಗಿನದೆಲ್ಲ ಅವರಿಗೆ ಬಿಡಿ.

ನಾವು ಹೇಮಾವತಿ ಹೊಳೆ ಬರೆಸುತ್ತೇವೆ. ಎ4 ಹಾಳೆಯನ್ನು ಅಡ್ಡಕ್ಕೆ ಇಟ್ಟುಕೊಳ್ಳಿ. ಎಡ ಅಂಚಿನಲ್ಲಿ ಕೆಳಗಿನಿಂದ 8 ಸೆಂ.ಮೀ.ಗೆ ಒಂದು ಚುಕ್ಕೆ, 14 ಸೆಂ.ಮೀ.ಗೆ ಇನ್ನೊಂದು. ಬಲ ಅಂಚಿಗೂ ಅದೇ ಅಳತೆ. ಹೊಳೆ ಎಡಗಡೆ ಎರಡು ಚುಕ್ಕೆಗಳ ನಡುವೆ ಒಳಗೆ ಬರಬೇಕು, ಬಲಗಡೆ ಎರಡು ಚುಕ್ಕೆಗಳ ನಡುವೆ ಹೊರಗೆ ಹೋಗಬೇಕು. ನಡುವೆ ಎಷ್ಟು ಬೇಕಾದರೂ ಸುತ್ತಲಿ, ಬಂಡೆ ಬಳಸಲಿ, ಕವಲಾಗಿ ಮತ್ತೆ ಕೂಡಲಿ. ಯಾವ ಹಾಳೆಯನ್ನು ಯಾವುದರ ಪಕ್ಕ ಇಟ್ಟರೂ ಹೊಳೆ ಹರಿದುಕೊಂಡು ಹೋಗುತ್ತದೆ.

ಊರುಗಳನ್ನು ಚೀಟಿ ಎತ್ತಿಸಿ ಹಂಚಿ. ಮೂಡಿಗೆರೆ ತಾಲ್ಲೂಕಿನ ಬೆಟ್ಟದಲ್ಲಿ ಹುಟ್ಟುವುದು, ಸಕಲೇಶಪುರದ ಸೇತುವೆ, ಗೊರೂರಿನ ಅಣೆಕಟ್ಟೆ, ಹೊಳೆನರಸೀಪುರ, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿ ಸೇರುವುದು. ನಡುವಿನ ಹಾಳೆಗಳಿಗೆ ತೋಟ, ಗದ್ದೆ, ದನ, ಬಟ್ಟೆ ಒಗೆಯುವವರು, ಅವರಿಗೆ ತೋಚಿದ್ದು.

ಇನ್ನೊಂದೇ ನಿಯಮ. ಪಕ್ಕದವರ ಹಾಳೆಗೆ ದಾಟುವ ಒಂದು ವಸ್ತು ಇರಬೇಕು. ಎರಡನೇ ಕ್ಲಾಸಿನ ಹುಡುಗನೊಬ್ಬ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಬರೆದ. ಮಳೆಗಾಲದಲ್ಲಿ ಆ ಪಾಳು ಚರ್ಚ್ ಅರ್ಧ ಮುಳುಗುತ್ತದಲ್ಲ, ಅದರ ಕಿಟಕಿಯಿಂದ ಒಂದು ದೊಡ್ಡ ಮೀನು ಆಚೆ ಬರುವ ಹಾಗೆ ಬರೆದಿದ್ದ. ಹಾಳೆಯಲ್ಲಿ ಮೀನಿನ ತಲೆಗೆ ಜಾಗವೇ ಉಳಿದಿರಲಿಲ್ಲ. ಪಕ್ಕದ ನಾಲ್ಕನೇ ಕ್ಲಾಸಿನ ಹುಡುಗಿ ಅವನನ್ನು ಕೂರಿಸಿಕೊಂಡು, ಬಾಯಿ ತೆರೆದಿರಬೇಕಾ ಮುಚ್ಚಿರಬೇಕಾ ಅಂತ ಕೇಳಿ ಕೇಳಿ ತನ್ನ ಹಾಳೆಯಲ್ಲಿ ತಲೆ ಬರೆದಳು. ಗುಂಪಿನ ಕೆಲಸ ಅಂದರೆ ಇದೇ ಅಲ್ವಾ?

ದಯವಿಟ್ಟು ಸ್ಕೆಚ್ ಪೆನ್ನಿನಲ್ಲಿ ಮೇಲಿಂದ ತಿದ್ದಬೇಡಿ. ಬಂದವರು ಹೊಗಳಲಿ ಅಂತ ನಾವು ಔಟ್‌ಲೈನ್ ಎಳೆದರೆ, ಅದು ತನ್ನ ಚಿತ್ರ ಅಲ್ಲ ಅಂತ ಮಗುವಿಗೆ ತಕ್ಷಣ ಗೊತ್ತಾಗುತ್ತದೆ.

ಬೇಲೂರು ಕಡೆಯ ಶಿಕ್ಷಕರು:
ಮೇಡಂ ಹೇಳಿದ ದಾರಿಯೇ ನಮ್ಮದೂ. ನಾವು ಆರಿಸಿಕೊಂಡಿದ್ದು ಹಳೇಬೀಡಿನ ಗುಡಿ ಗೋಡೆ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಆಮೇಲೆ ಕುದುರೆ ಸವಾರರು. ಈ ಪಟ್ಟೆಗಳು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಹಂಚಲು ಹೇಳಿ ಮಾಡಿಸಿದ ಹಾಗಿವೆ. ಬಳ್ಳಿ ಪಟ್ಟೆ ಚಿಕ್ಕವರಿಗೆ. ಬೆಂಡೆಕಾಯಿ ಅಡ್ಡಕ್ಕೆ ಕತ್ತರಿಸಿ ಹೂವಿನ ಅಚ್ಚು ಒತ್ತುತ್ತಾರೆ. ಎಲೆಗೆ ಹಿಂಬದಿ ಬಣ್ಣ ಹಚ್ಚಿ ಒತ್ತಿಸಿ, ನರ ಚೆನ್ನಾಗಿ ಮೂಡುವುದು ಆ ಕಡೆಯಿಂದಲೇ. ಆನೆ, ಸಿಂಹ ಮೂರನೇ ಕ್ಲಾಸಿಗೆ, ಕುದುರೆ ದೊಡ್ಡವರಿಗೆ. ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ ಸಾಕು, ಅದರ ಮೇಲೆ ಬಿಳಿ ಚಾಕ್‌ಪೀಸ್ ಕಲ್ಲಿನ ಕೆತ್ತನೆ ಹಾಗೇ ಕಾಣುತ್ತದೆ.

ಹೆಸರಿನ ವಿಷಯ ಮರೆಯಬೇಡಿ. ಬೇಲೂರಿನ ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117ರದ್ದು. ಅಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಮಕ್ಕಳಿಗೆ ಅದನ್ನು ತೋರಿಸಿ. ತಮ್ಮ ಆನೆಯ ಕಾಲ ಕೆಳಗೆ ಹೆಸರು, ಊರು ಬರೆಯಲಿ. ಸುಮ್ನೆ ಮೂಲೆಯಲ್ಲಿ ಕೂತಿದ್ದ ಹುಡುಗರೂ ಹೆಸರು ಹಾಕಬೇಕು ಅಂದ ಕೂಡಲೇ ಆನೆಗೆ ಗಂಟೆ, ಸರಪಳಿ ಎಲ್ಲ ಸೇರಿಸುತ್ತಾರೆ.

ಮೂಡಿಗೆರೆ ಕಡೆಯ ಶಿಕ್ಷಕಿ:
ಬಣ್ಣಕ್ಕೆ ದುಡ್ಡು ಬೇಡ. ಗಟ್ಟಿ ಕಾಫಿ ಡಿಕಾಕ್ಷನ್‌ನಿಂದ ಕಂದು ಬರುತ್ತದೆ. ಒಂದು ಸಲ ಹಚ್ಚಿದರೆ ತೆಳು, ಒಣಗಿದ ಮೇಲೆ ಮತ್ತೆ ಹಚ್ಚಿದರೆ ಗಾಢ. ಅರಿಶಿನದ ನೀರು ಹಳದಿ. ಅದಕ್ಕೆ ಚಿಟಿಕೆ ಅಡುಗೆ ಸೋಡ ಹಾಕಿದರೆ ಕೆಂಪಿಗೆ ತಿರುಗುತ್ತದೆ, ಮಕ್ಕಳ ಎದುರೇ ಹಾಕಿ. ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಕಷ್ಟ. ಕೆಮ್ಮಣ್ಣು ಜರಡಿ ಹಿಡಿದು ಮೈದಾ ಗಂಜಿಯಲ್ಲಿ ಕಲಸಿದರೆ ಹಾಳೆಗೆ ಕಚ್ಚಿಕೊಳ್ಳುತ್ತದೆ.

ನಿಮ್ಮೂರು ಮಲೆನಾಡಿನ ಕಡೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಬಣ್ಣ ಮುಟ್ಟಬೇಡಿ. ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಆಗ ಕ್ರಯಾನ್ ಮಾಡಿಸಿ.

ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ನಮ್ಮಲ್ಲಿಗೆ ತೋಟದ ಕೂಲಿಯವರ ಲೈನ್ ಮನೆಗಳಿಂದ ಹೊಸ ಮಕ್ಕಳು ಬರುತ್ತಾರೆ. ಕೆಲವರಿಗೆ ಕನ್ನಡ ಬರುವುದಿಲ್ಲ. ಅವರನ್ನು ಸಾಲಿನ ತುದಿಗೆ ಕೂರಿಸಬೇಡಿ, ನಡುವಿನ ಹಾಳೆ ಕೊಡಿ. ಎರಡೂ ಪಕ್ಕದವರು ಬಂದು ದಾಟುವ ವಸ್ತು ಯಾವುದು ಅಂತ ಕೇಳಲೇಬೇಕಾಗುತ್ತದೆ. ಕೈಸನ್ನೆಯಲ್ಲೇ ಮಾತು ಶುರುವಾಗುತ್ತದೆ. ಪಾಠದ ಹೊತ್ತಿನಲ್ಲಿ ತಲೆ ಎತ್ತದ ಮಗು ಅಲ್ಲಿ ಬಣ್ಣದ ಲೋಟ ಕಿತ್ತುಕೊಳ್ಳುವುದನ್ನು ನೋಡಿದ್ದೇನೆ. ನನಗೆ ಅಷ್ಟು ಖುಷಿ ಬೇರೆ ಯಾವ ಪೀರಿಯಡ್‌ನಲ್ಲೂ ಆಗಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಹೊಳೆಯೇ ಮಾಡಿಸುತ್ತೇನೆ. ಆದರೆ ಒಂದನೇ ಕ್ಲಾಸಿನವರಿಗೆ ಸೆಂಟಿಮೀಟರ್ ಬರಲ್ಲವಲ್ಲ?

ಸಕಲೇಶಪುರ ಕಡೆಯ ಶಿಕ್ಷಕಿ:
ಹಾಳೆಯ ಎತ್ತರಕ್ಕೆ ಒಂದು ರಟ್ಟಿನ ಪಟ್ಟಿ ಕತ್ತರಿಸಿ, 8ಕ್ಕೂ 14ಕ್ಕೂ ಕಚ್ಚು ಮಾಡಿಡಿ. ಐದನೇ ಕ್ಲಾಸಿನವರು ಅದನ್ನು ಅಂಚಿಗೆ ಇಟ್ಟು ಎಲ್ಲರ ಹಾಳೆಗೂ ಚುಕ್ಕೆ ಹಾಕಿಕೊಡುತ್ತಾರೆ. ಜೋಡಿಸುವಾಗ ಗೋಂದು ಬೇಡ, ಹಿಂದಿನಿಂದ ಟೇಪ್ ಹಾಕಿ. ಗೋಡೆಗೆ ಮಕ್ಕಳ ಕಣ್ಣೆತ್ತರಕ್ಕೆ ಕಟ್ಟಿ. ಕಾರ್ಯಕ್ರಮ ಮುಗಿದ ಮೇಲೆ ಹಾಳೆಗಳು ಕೂಡಿದ ಕಡೆಯಲ್ಲೆಲ್ಲ ಕತ್ತರಿ ಹಾಕಿ, ಅವರವರ ಹಾಳೆ ಅವರವರ ಮನೆಗೆ ಕೊಟ್ಟುಬಿಡಿ.