ಸಹಾಯ ಬೇಕು: ಬಳಸಿದ ಕಾರ್ಬನ್ನಿಗೆ ಕರೆಂಟ್ ಕೊಟ್ಟರೆ ನೀರೇ ಕಪ್ಪಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್ (ಕಲ್ಮಶ ಹೀರುವ ಇದ್ದಿಲು) ನೀರಿನಿಂದ ಫೀನಾಲ್ ಎಂಬ ವಿಷಕಾರಿ ರಾಸಾಯನಿಕ ಹೀರಿದ ಮೇಲೆ, ಕರೆಂಟ್ ಹಾಯಿಸಿ ಅದನ್ನು ಮತ್ತೆ ಬಳಸುವ ಹಾಗೆ ಮಾಡಬೇಕು. ಕುಲುಮೆಯಲ್ಲಿ 800 ಡಿಗ್ರಿ ಆಸುಪಾಸು ಕಾಯಿಸಿದರೆ ಪ್ರತಿ ಸಲ ಒಂದಷ್ಟು ಕಾರ್ಬನ್ ಸುಟ್ಟೇ ಹೋಗುತ್ತದೆ, ಅದಕ್ಕೇ ಈ ದಾರಿ.

ಒಂದು ಲೀಟರ್ ಬೀಕರ್, ಶೇ. 1ರ ಉಪ್ಪುನೀರು, ಎರಡು ಗ್ರ್ಯಾಫೈಟ್ ಕಡ್ಡಿ. ಕಾರ್ಬನ್ನನ್ನು ಸ್ಟೀಲ್ ಜಾಲರಿಯಲ್ಲಿ ಕಟ್ಟಿ ಕ್ಯಾಥೋಡಿಗೆ (ಋಣ ಕಡ್ಡಿಗೆ) ತಾಗಿಸಿಟ್ಟಿದ್ದೇನೆ. ಅಲ್ಲಿ ಪಿಎಚ್ ಏರಿ (ನೀರು ಕ್ಷಾರವಾಗಿ) ಫೀನಾಲ್ ತನ್ನ ಲವಣರೂಪವಾದ ಫೀನೊಲೇಟ್ ಆಗಿ ಕಾರ್ಬನ್ನಿನಿಂದ ಬಿಟ್ಟುಕೊಳ್ಳುತ್ತದೆ, ಆನೋಡಲ್ಲಿ (ಧನ ಕಡ್ಡಿಯಲ್ಲಿ) ಹುಟ್ಟುವ ಕ್ಲೋರಿನ್ ಅದನ್ನು ಒಡೆಯುತ್ತದೆ ಅನ್ನೋದು ಲೆಕ್ಕ. ಆದರೆ ಮೂರು ಗಂಟೆ ಕಳೆದರೆ ನೀರು ಮಸಿ ಕಲಸಿದ ಹಾಗೆ! ಆನೋಡ್ ಕಡ್ಡಿ ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಲ್ಯಾಬ್ ತುಂಬಾ ಬ್ಲೀಚಿಂಗ್ ಪೌಡರ್ ಜೊತೆ ಆಸ್ಪತ್ರೆಯ ವಾಸನೆ. ಕ್ಲೋರೋಫೀನಾಲ್ (ಫೀನಾಲಿಗೆ ಕ್ಲೋರಿನ್ ಸೇರಿ ಆಗುವ ವಿಷ) ಇರಬೇಕು, ಸುಮ್ನೆ ಇರಲು ಭಯ. ಇಷ್ಟಾದರೂ ಎರಡನೇ ಸಲ ಕಾರ್ಬನ್ ಮೊದಲಿನ ಅರ್ಧದಷ್ಟೂ ಹೀರಲಿಲ್ಲ.

ರುಥೇನಿಯಂ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಜಾಲರಿ ಹಾಕಿದರೆ ಆನೋಡ್ ಸವೆಯುವ ತಲೆನೋವು ತಪ್ಪುತ್ತದೆ ಅಲ್ವಾ? ಅಂಗೈಯಗಲದ ತುಂಡು ಬೆಂಗಳೂರಲ್ಲಿ ಎಲ್ಲಿ ಸಿಗುತ್ತದೆ? ಕ್ಲೋರಿನ್ ಹುಟ್ಟದ ಹಾಗೆ ಉಪ್ಪಿನ ಬದಲು ಸೋಡಿಯಂ ಸಲ್ಫೇಟ್ ಹಾಕಿ ನೋಡಿದವರಿದ್ದೀರಾ? ನಮ್ಮ ಗೈಡ್ ಕರೆಂಟ್ ಜಾಸ್ತಿ ಮಾಡು ಅಂತಾರೆ, ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಮುಂದಿನ ವಾರ ರಿವ್ಯೂ ಇದೆ, ಗೊತ್ತಿದ್ದವರು ದಯವಿಟ್ಟು ಹೇಳಿ.