ಲೂವ್ರ್ ಮ್ಯೂಸಿಯಂಗೆ ಮತ್ತೆ ಹೋಗುತ್ತಿದ್ದೇನೆ, ಈ ಸಲ ಎಲ್ಲಿ ನಿಂತು ನೋಡಲಿ?

ಸುಂಟಿಕೊಪ್ಪದವಳು:
ಕಾಫಿಗೆ ಹೂಮಳೆ ಬಿದ್ದು ತೋಟದ ಚಿಂತೆ ಕಳೆದ ಮೇಲೆ ಪ್ಯಾರಿಸ್‌ಗೆ, ಮಗಳ ಮನೆಗೆ ಹೊರಡುತ್ತೇನೆ. ಲೂವ್ರ್ ಮ್ಯೂಸಿಯಂಗೆ ಹಿಂದೆ ಟೂರ್‌ನವರ ಜೊತೆ ಹೋಗಿದ್ದೆ. ಓಡಿಸಿಕೊಂಡೇ ಹೋದರು. ಮೊನಾಲಿಸಾಗಿಂತ ಜನ ಎತ್ತಿ ಹಿಡಿದ ಫೋನುಗಳೇ ಜಾಸ್ತಿ ಕಂಡವು. ಈಗ ಮಂಡಿನೋವು, ಪೂರ್ತಿ ಸುತ್ತಲು ಆಗುವುದಿಲ್ಲ. ನಾಲ್ಕೇ ನಾಲ್ಕು ಚಿತ್ರವಾದರೂ ಸರಿ, ಮನಸಾರೆ ನೋಡಬೇಕು. ಹೋಗಿ ಬಂದವರು ಹೇಳುತ್ತೀರಾ?

ವಿರಾಜಪೇಟೆ ಡ್ರಾಯಿಂಗ್ ಮೇಷ್ಟ್ರು:
ನಾಲ್ಕೂ ಬೇಡ ಅಕ್ಕಾ, ಎರಡು ಸಾಕು.

ಮೊನಾಲಿಸಾ ಇರುವ ಹಾಲ್‌ಗೇ ಹೋಗಿ. ಆದರೆ ಅವಳಿಗೆ ಬೆನ್ನು ಮಾಡಿ ನಿಲ್ಲಿ. ಎದುರು ಗೋಡೆ ತುಂಬಾ ಇಟಲಿಯ ಚಿತ್ರಕಾರ ವೆರೊನೀಸ್ ಬರೆದ, ಬೈಬಲ್ ಕಥೆಯ ಕಾನಾ ಊರಿನ ಮದುವೆ ಊಟವಿದೆ. 1563ರಲ್ಲಿ ಮುಗಿಸಿದ್ದು. ಅಗಲ ಸುಮಾರು 10 ಮೀಟರ್. ಮೊನಾಲಿಸಾ ಎತ್ತರ 77 ಸೆಂ.ಮೀ. ಅಷ್ಟೇ! ವೆನಿಸ್‌ನ ಒಂದು ಮಠದ ಊಟದ ಹಾಲ್‌ಗೆಂದು ಬರೆದದ್ದನ್ನು 1797ರಲ್ಲಿ ನೆಪೋಲಿಯನ್ ಸೈನ್ಯ ಹೊತ್ತು ತಂದಿತು. ಅಂಥ ಚಿತ್ರಕ್ಕೆ ಜನ ಬೆನ್ನು ತಿರುಗಿಸಿ ನಿಂತಿರುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ನಡುವೆ ಯೇಸು. ಅವನ ಮುಂದೆಯೇ ವಾದ್ಯದವರು ಕೂತು ನುಡಿಸುತ್ತಿದ್ದಾರೆ, ನಮ್ಮ ಮದುವೆ ಮನೆಯ ವಾಲಗದ ಹಾಗೆ. ಬಲಗಡೆ ಹಳದಿ ಬಟ್ಟೆಯವನು ಹೂಜಿ ಬಾಗಿಸಿ ವೈನ್ ಸುರಿಯುತ್ತಿದ್ದಾನೆ. ಆ ಮದುವೆಯಲ್ಲಿ ಯೇಸು ನೀರನ್ನು ವೈನ್ ಮಾಡಿದ ಕಥೆಯೆಲ್ಲ ಆ ಮೂಲೆಯಲ್ಲಿದೆ. ಮೇಲೆ ಮಾಂಸ ಕತ್ತರಿಸುವವರು, ಕೆಳಗೆ ನಾಯಿಗಳು. ಮದುಮಕ್ಕಳು ಎಲ್ಲಿ ಅಂತ ನೀವೇ ಹುಡುಕಿ.

ಆಮೇಲೆ ಮ್ಯೂಸಿಯಂನ ರಿಷಲ್ಯೂ ಎಂಬ ಭಾಗದ ಎರಡನೇ ಮಹಡಿ. ಲಿಫ್ಟ್ ಇದೆ. ಅಲ್ಲಿ ಡಚ್ ಚಿತ್ರಕಾರ ವರ್ಮೀರ್‌ನ ಲೇಸ್ ಹೆಣೆಯುವ ಹುಡುಗಿ. ಬರೀ 24 ಸೆಂ.ಮೀ. ಎತ್ತರ. ಮುಂದೆ ಚೆಲ್ಲಿದ ಕೆಂಪು, ಬಿಳಿ ದಾರ ಮಸುಕು ಮಸುಕು. ಅವಳ ಕೈಯಲ್ಲಿರುವ ಎಳೆ ಮಾತ್ರ ಕೂದಲಿನಷ್ಟು ತೆಳ್ಳಗೆ, ಸ್ಪಷ್ಟವಾಗಿದೆ. ಅವಳು ಎಲ್ಲಿ ನೋಡುತ್ತಿದ್ದಾಳೋ ಅಲ್ಲಿಗೇ ನಮ್ಮ ಕಣ್ಣನ್ನೂ ಎಳೆದು ನಿಲ್ಲಿಸಿದ್ದಾನೆ. ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಎಷ್ಟು ಬರೆದು ತೋರಿಸಿದರೂ ಸಾಲದು. ಪುಸ್ತಕದಲ್ಲೂ ಸಿಗುವುದಿಲ್ಲ, ಹತ್ತಿರ ಹೋಗಿಯೇ ನೋಡಬೇಕು.

ಗೋಣಿಕೊಪ್ಪ ಗದ್ದೆ:
ಮೇಷ್ಟ್ರೇ, ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಲ್ಲು ಬಿಟ್ಟಿರಲ್ಲ! ಅದೂ ರಿಷಲ್ಯೂ ಕಡೆಯೇ, ನೆಲಮಹಡಿ. ಎರಡು ಮೀಟರ್‌ಗಿಂತ ಎತ್ತರದ ಕಪ್ಪು ಕಲ್ಲು, ಮೈತುಂಬಾ ಕಾನೂನು. ಗದ್ದೆಗೆ ನೀರು ಬಿಟ್ಟು ಅಜಾಗ್ರತೆಯಿಂದ ಪಕ್ಕದವನ ಗದ್ದೆ ಹಾಳು ಮಾಡಿದರೆ ಧಾನ್ಯ ಅಳೆದು ಕೊಡಬೇಕು ಅಂತ ಅದರಲ್ಲಿದೆ. ಸುಮಾರು 3,700 ವರ್ಷ ಹಳೆಯದು. ಬೇಸಾಯ ಮಾಡುವ ನಾವು ಅದನ್ನು ನೋಡದೆ ಬರಬಾರದು.

ಮಂಗಳವಾರ ರಜೆ. ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಂಜೆ ಟೂರ್ ಗುಂಪುಗಳು ಕಮ್ಮಿ.

ಸುಂಟಿಕೊಪ್ಪದವಳು:
ಹಾಗಾದರೆ ಶುಕ್ರವಾರ ಸಂಜೆಯೇ ಸರಿ. ಮೇಷ್ಟ್ರೇ, ಮದುವೆ ಚಿತ್ರಕ್ಕೆ ಹತ್ತಿರ ನಿಲ್ಲಲೋ ದೂರ ನಿಲ್ಲಲೋ?

ವಿರಾಜಪೇಟೆ ಡ್ರಾಯಿಂಗ್ ಮೇಷ್ಟ್ರು:
ಮೊದಲು ದೂರ. ಪೂರ್ತಿ ಕಣ್ಣಿಗೆ ಬಂದ ಮೇಲೆ ಎಡತುದಿಗೆ ಹೋಗಿ. ಮದುಮಕ್ಕಳು ಅಲ್ಲೇ ಕೂತಿದ್ದಾರೆ.